ಬೆಣ್ಣೆ ತಿಂದ್ರೂ ದಪ್ಪ ಆಗಲ್ವಾ ಫ್ರಾನ್ಸಿನವರು? ದಾವಣಗೆರೆ ಓದುಗರಿಗೆ ಸಂಪಾದಕರ ಉತ್ತರ

ಈ ಸಂಚಿಕೆಯಲ್ಲಿ ಒಂದೇ ಪತ್ರಕ್ಕೆ ಉತ್ತರ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ. ಪತ್ರ ದಾವಣಗೆರೆಯ ಒಬ್ಬ ತಾಯಿಯದ್ದು, ಹೆಸರು ಹಾಕಬೇಡಿ ಅಂದಿದಾರೆ. ಮಗಳು ಫ್ರಾನ್ಸಿನ ಲಿಯೋನ್‌ನಲ್ಲಿ ಎಂಎಸ್ ಓದ್ತಿದಾಳೆ, ಹೋದ ಮೇಲೆ ಸ್ವಲ್ಪ ಮೈ ಬಂದಿದೆ, ಕೆಮ್ಮು ಅಂತ ಡಾಕ್ಟರ್ ಹತ್ರ ಹೋದ್ರೆ ಕೆಮ್ಮಿನ ಮಾತು ಬಿಟ್ಟು ಮೊದಲು ತೂಕ ಇಳಿಸು ಅಂದ್ರಂತೆ, ಆಮೇಲೆ ಮನೆ ಓನರಮ್ಮನೂ ಮುಖಕ್ಕೇ ಹೇಳಿದ್ರಂತೆ, ಹುಡುಗಿ ಫೋನಲ್ಲಿ ಅತ್ತಿದಾಳೆ. ಈ ಕಡೆ ತಾಯಿಗೆ ವಾಟ್ಸಾಪಲ್ಲಿ ಒಂದು ಮೆಸೇಜ್ ಬಂದಿದೆ, ಫ್ರೆಂಚ್ ಹೆಂಗಸರು ಬೆಣ್ಣೆ, ಚೀಸು, ಬ್ರೆಡ್ಡು, ವೈನು ಎಲ್ಲಾ ತಗೊಂಡ್ರೂ ದಪ್ಪಾನೇ ಆಗಲ್ಲ ಅಂತ. "ಅವರ ಗುಟ್ಟೇನು ಸಾರ್, ನನ್ನ ಮಗಳಿಗೆ ಮಾತ್ರ ಯಾಕೆ ಹಿಂಗಾಯ್ತು, ನಾನು ಅವಳಿಗೆ ಏನು ಹೇಳಲಿ" ಅನ್ನೋದು ಪ್ರಶ್ನೆ.

ಮೇಡಂ, ಮೊದಲು ಆ ಮೆಸೇಜ್ ಡಿಲೀಟ್ ಮಾಡಿ. ಫ್ರಾನ್ಸಿನವರು ದಪ್ಪ ಆಗಲ್ಲ ಅನ್ನೋದು ನಿಜ ಅಲ್ಲ. ಅಲ್ಲಿ ಒಬೆಪಿ ಅಂತ ಒಂದು ಸರ್ವೆ ಇದೆ, ಅದರ ಪ್ರಕಾರ 1997ರಲ್ಲಿ ವಯಸ್ಕರಲ್ಲಿ ನೂರಕ್ಕೆ 8.5 ಜನಕ್ಕೆ ಬೊಜ್ಜಿತ್ತು, 2020ಕ್ಕೆ ಅದು 17 ಆಗಿದೆ, ಅಂದ್ರೆ ಡಬಲ್. ಬೊಜ್ಜು ಅನ್ನೋವಷ್ಟಲ್ಲದಿದ್ರೂ ತೂಕ ಜಾಸ್ತಿ ಇರೋರನ್ನೂ ಸೇರಿಸಿಕೊಂಡ್ರೆ ನೂರಕ್ಕೆ 47 ದಾಟುತ್ತೆ. ಅಮೆರಿಕದಲ್ಲಿ ಬೊಜ್ಜೊಂದೇ ನೂರಕ್ಕೆ 40 ಇರೋದ್ರಿಂದ ಅದರ ಪಕ್ಕ ಇಟ್ಟು ನೋಡಿದ್ರೆ ಫ್ರಾನ್ಸ್ ಸಣ್ಣ ಕಾಣುತ್ತೆ ಅಷ್ಟೇ. ಇನ್ನೊಂದು, ಫ್ರಾನ್ಸ್ ಅಂದ್ರೆ ಎಲ್ಲಾ ಒಂದೇ ಥರ ಅಲ್ಲ. ಉತ್ತರದಲ್ಲಿ ಕಲ್ಲಿದ್ದಲು ಗಣಿ, ಬಟ್ಟೆ ಮಿಲ್ಲು ಮುಚ್ಚಿಹೋದ ಊರುಗಳಿರೋ ಓ-ದ-ಫ್ರಾನ್ಸ್ ಪ್ರಾಂತ್ಯದಲ್ಲಿ ಬೊಜ್ಜು ನೂರಕ್ಕೆ 22ರ ಹತ್ರ, ಪ್ಯಾರಿಸ್ ಸುತ್ತಮುತ್ತ 14. ಫ್ಯಾಕ್ಟರಿ ಕೆಲಸದವರಲ್ಲಿ ದೊಡ್ಡ ಹುದ್ದೆಯವರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಆ ಮೆಸೇಜಲ್ಲಿ ಬರೋ 'ಫ್ರೆಂಚ್ ಹೆಂಗಸು' ಯಾವಾಗ್ಲೂ ಪ್ಯಾರಿಸ್ಸಿನ ಅನುಕೂಲಸ್ಥರ ಮನೆಯವಳು, ಗಣಿ ಊರಿನ ಸೂಪರ್ ಮಾರ್ಕೆಟ್ಟಲ್ಲಿ ಬಿಲ್ ಹಾಕೋಳು ಅದರಲ್ಲಿ ಬರೋದೇ ಇಲ್ಲ.

ಈ ಕಥೆ ಹುಟ್ಟಿದ್ದು ಎಲ್ಲಿಂದ ಅಂದ್ರೆ, 1991ರಲ್ಲಿ ಅಮೆರಿಕದ ಸಿಬಿಎಸ್ ಟಿವಿಯ ಒಂದು ಪ್ರೋಗ್ರಾಮಲ್ಲಿ ಸೆರ್ಜ್ ರೆನೋ ಅನ್ನೋ ಫ್ರೆಂಚ್ ವಿಜ್ಞಾನಿ, ನಮ್ಮವರು ಇಷ್ಟು ಕೊಬ್ಬು ತಿಂದ್ರೂ ಹಾರ್ಟ್ ಅಟ್ಯಾಕ್ ಕಮ್ಮಿ, ಅದಕ್ಕೆ ವೈನ್ ಕಾರಣ ಇರಬಹುದು ಅಂದ್ರು, ಮುಂದಿನ ವರ್ಷ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲೂ ಬರೆದ್ರು, ಅಮೆರಿಕದಲ್ಲಿ ಕೆಂಪು ವೈನ್ ವ್ಯಾಪಾರ ಜೋರಾಯ್ತು. 1999ರಲ್ಲಿ ಬ್ರಿಟನ್ನಿನ ಸಂಶೋಧಕರಾದ ಮಾಲ್ಕಂ ಲಾ ಮತ್ತು ನಿಕೊಲಸ್ ವಾಲ್ಡ್ ಬೇರೆ ಲೆಕ್ಕ ತೋರಿಸಿದ್ರು, ಫ್ರಾನ್ಸಿನವರು ಇಷ್ಟೊಂದು ಪ್ರಾಣಿಜನ್ಯ ಕೊಬ್ಬು ತಿನ್ನೋಕೆ ಶುರು ಮಾಡಿದ್ದೇ ಇತ್ತೀಚೆಗೆ, ಅದರ ಪರಿಣಾಮ ಕಾಣೋಕೆ ಇನ್ನೂ ವರ್ಷಗಳು ಬೇಕು ಅಂತ. ವೈನ್ ಬಗ್ಗೆ ಅಂತೂ ಈಗ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆನೇ ದಿನಕ್ಕೆ ಎರಡು ಗ್ಲಾಸ್ ಮೀರಬೇಡಿ, ಅದೂ ದಿನಾ ಬೇಡ ಅಂತ ಹೇಳ್ತಿದೆ, 2015ರ ಒಂದೇ ವರ್ಷದಲ್ಲಿ ಸುಮಾರು 41,000 ಸಾವು ಮದ್ಯದಿಂದ ಆದ ದೇಶ ಅದು. ಹಾಗಾಗಿ ವೈನಿನ ಮಾತು ಬಿಟ್ಟುಬಿಡಿ.

ಹಾಗಾದ್ರೆ ಕಲಿಯೋಕೆ ಅವರಲ್ಲಿ ಏನೂ ಇಲ್ವಾ ಅಂದ್ರೆ, ಇದೆ, ತುಂಬಾನೇ ಇದೆ, ಆದ್ರೆ ಅದು ತಟ್ಟೆಯಲ್ಲಿರೋ ಪದಾರ್ಥದಲ್ಲಿಲ್ಲ, ಗಡಿಯಾರದಲ್ಲಿದೆ. ಅಲ್ಲಿನ ಅಂಕಿಅಂಶ ಇಲಾಖೆ ಇನ್ಸೇ 2010ರಲ್ಲಿ ಲೆಕ್ಕ ಹಾಕಿದಾಗ ಮಧ್ಯಾಹ್ನ 1 ಗಂಟೆಗೆ ಸರಿಯಾಗಿ ದೇಶದ ಅರ್ಧ ಜನ ಊಟಕ್ಕೆ ಕೂತಿದ್ರು. ಅರ್ಧ ದೇಶ, ಒಂದೇ ಹೊತ್ತಿಗೆ! ದಿನಕ್ಕೆ ಒಟ್ಟು ಎರಡು ಗಂಟೆಗೂ ಜಾಸ್ತಿ ಊಟ ತಿಂಡಿಗೆ ಕೊಡ್ತಾರೆ, ಅಮೆರಿಕದವರು ಅದರ ಅರ್ಧ ಕೊಟ್ರೆ ಹೆಚ್ಚು. ಬೆಳಿಗ್ಗೆ ಬ್ರೆಡ್ಡು ಬೆಣ್ಣೆ ಜಾಮು ಕಾಫಿ, ಮಧ್ಯಾಹ್ನ ಕೂತು ಊಟ, ಸಾಯಂಕಾಲ ನಾಲ್ಕೂವರೆಗೆ ಮಕ್ಕಳಿಗೆ ಒಂದು ತಿಂಡಿ, ರಾತ್ರಿ ಎಂಟರ ಹೊತ್ತಿಗೆ ಮನೆಯವರೆಲ್ಲಾ ಸೇರಿ ಊಟ, ನಡುವೆ ಬಾಯಾಡಿಸೋದು ಕಮ್ಮಿ. ನಿಮ್ಮ ಮಗಳು ಮೂರು ಗಂಟೆಗೆ ಹೋದ್ರೆ ಹೋಟೆಲಲ್ಲಿ ಅಡುಗೆಮನೆ ಬಂದ್ ಆಗಿರುತ್ತೆ ಅಂತ ಹೇಳಿದ್ದು ನಿಜ, ಹನ್ನೆರಡರಿಂದ ಎರಡು, ಅಷ್ಟೇ. 2010ರಲ್ಲಿ ಯುನೆಸ್ಕೋ ಫ್ರೆಂಚರ ಊಟವನ್ನ ಪರಂಪರೆ ಪಟ್ಟಿಗೆ ಸೇರಿಸಿದಾಗಲೂ ಗೌರವ ಸಿಕ್ಕಿದ್ದು ಯಾವುದೋ ಒಂದು ಅಡುಗೆಗಲ್ಲ, ಎಲ್ಲರೂ ಸೇರಿ ಕೂತು, ಒಂದಾದ ಮೇಲೊಂದು ಬಡಿಸಿಕೊಂಡು, ಮಾತಾಡ್ತಾ ಉಣ್ಣೋ ಆ ಪದ್ಧತಿಗೆ.

ಪ್ರಮಾಣವೂ ಕಮ್ಮಿ. ಪಾಲ್ ರೋಜಿನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತೆ ಜೊತೆಗಾರರು 2003ರಲ್ಲಿ ಪ್ಯಾರಿಸ್ ಮತ್ತು ಫಿಲಡೆಲ್ಫಿಯಾದ ಹೋಟೆಲುಗಳಲ್ಲಿ ತಕ್ಕಡಿ ಇಟ್ಟು ತೂಗಿದ್ರು, ಪ್ಯಾರಿಸಲ್ಲಿ ಒಂದು ಪ್ಲೇಟು ಸರಾಸರಿ 277 ಗ್ರಾಂ, ಫಿಲಡೆಲ್ಫಿಯಾದಲ್ಲಿ 346. ನನಗೆ ಮುಖ್ಯ ಅನ್ನಿಸಿದ್ದು ಆ ಅಧ್ಯಯನದ ಇನ್ನೊಂದು ಭಾಗ, ಮೆಕ್ ಡೊನಾಲ್ಡ್ಸಲ್ಲಿ ಪ್ಯಾರಿಸಿನವರು ಸುಮಾರು 22 ನಿಮಿಷ ಕೂತು ತಿಂದ್ರು, ಅಮೆರಿಕದವರು 14ಕ್ಕೇ ಎದ್ದುಬಿಟ್ರು. ಕಮ್ಮಿ ಊಟ, ಜಾಸ್ತಿ ಹೊತ್ತು. ಅದೇ ರೋಜಿನ್ ಚಾಕೊಲೇಟ್ ಕೇಕ್ ಅಂದ್ರೆ ಏನು ನೆನಪಾಗುತ್ತೆ ಅಂತ ಕೇಳಿದಾಗ ಅಮೆರಿಕದವರು ತಪ್ಪು ಮಾಡಿದ ಭಾವನೆ ಅಂದ್ರೆ ಫ್ರಾನ್ಸಿನವರು ಹಬ್ಬ ಅಂದ್ರು.

ಇದೆಲ್ಲಾ ಅವರ ರಕ್ತದಲ್ಲೇ ಬಂದಿದೆ ಅಂದ್ಕೋಬೇಡಿ. ಕಲಿಸ್ತಾರೆ, ಕಾನೂನು ಮಾಡಿ ಕಲಿಸ್ತಾರೆ. ನನಗೆ ಫ್ರಾನ್ಸಿನ ಬಗ್ಗೆ ನಿಜವಾಗ್ಲೂ ಗೌರವ ಇರೋದು ಅವರ ಸ್ಕೂಲ್ ಕ್ಯಾಂಟೀನಿನ ಮೇಲೆ. ಮೊದಲು ಹಸಿ ತರಕಾರಿ, ಆಮೇಲೆ ಮುಖ್ಯ ಊಟ, ಆಮೇಲೆ ಚೀಸು ಅಥವಾ ಮೊಸರು, ಕೊನೆಗೆ ಹಣ್ಣು, ಮೂರು ವರ್ಷದ ಮಗುವೂ ಕುರ್ಚಿ ಮೇಲೆ ಕೂತು ಇದೇ ಕ್ರಮದಲ್ಲಿ ತಿನ್ನುತ್ತೆ. 2011ರ ಸರ್ಕಾರಿ ಆದೇಶದಲ್ಲಿ ಇಪ್ಪತ್ತು ಊಟಕ್ಕೆ ಒಂದು ಲೆಕ್ಕ ಇದೆ, ಅಷ್ಟರಲ್ಲಿ ಕೊಬ್ಬು ಜಾಸ್ತಿ ಇರೋ ಕರಿದ ಪದಾರ್ಥ ನಾಲ್ಕು ಸಲಕ್ಕಿಂತ ಹೆಚ್ಚು ಕೊಡಂಗಿಲ್ಲ, ಕೊನೆಗೆ ಹಸಿ ಹಣ್ಣು ಎಂಟು ಸಲನಾದ್ರೂ ಇರಬೇಕು, ನೀರು ಮತ್ತು ಬ್ರೆಡ್ಡು ಬೇಕಾದಷ್ಟು, ಕೆಚಪ್ ಮೇಯೊನೀಸ್ ಮಾತ್ರ ಮಕ್ಕಳ ಕೈಗೆ ಬಿಡಂಗಿಲ್ಲ. ಚಿಪ್ಸು ಕೂಲ್‌ಡ್ರಿಂಕ್ಸ್ ಮಾರೋ ಮಿಷನ್ನುಗಳನ್ನ 2005ರಲ್ಲೇ ಸ್ಕೂಲಿಂದ ತೆಗೆಸಿದ್ರು. 2019ರ ನವೆಂಬರಿಂದ ವಾರಕ್ಕೊಂದು ದಿನ ಸಸ್ಯಾಹಾರಿ ಊಟ ಕಡ್ಡಾಯ. ಇದೇ ಸ್ಕೂಲುಗಳಲ್ಲಿ 1956ರ ತನಕ ಸಣ್ಣ ಮಕ್ಕಳಿಗೂ ಊಟದ ಜೊತೆ ವೈನ್ ಕೊಡ್ತಿದ್ರು ಅಂದ್ರೆ ನಂಬ್ತೀರಾ, ಆ ವರ್ಷ 14ರ ಒಳಗಿನವರಿಗೆ ನಿಲ್ಲಿಸಿದ್ರು, ದೊಡ್ಡ ಹುಡುಗರಿಗೆ ಪೂರ್ತಿ ನಿಂತಿದ್ದು 1981ರಲ್ಲಿ. ಅಂದ್ರೆ ಒಂದು ದೇಶ ತನ್ನ ಮಕ್ಕಳ ಊಟವನ್ನ ಕೂತು ಯೋಚಿಸಿ ಬದಲಾಯಿಸಿಕೊಳ್ತು, ಹುಟ್ಟಿನಿಂದಲೇ ಯಾರಿಗೂ ಇದು ಬಂದಿರಲಿಲ್ಲ. ಆಫೀಸಲ್ಲೂ ಹಾಗೇ, ಕೆಲಸ ಮಾಡೋ ಜಾಗದಲ್ಲೇ ಊಟ ಮಾಡೋಕೆ ಬಿಡಂಗಿಲ್ಲ ಅಂತ ಅವರ ಕಾರ್ಮಿಕ ಕಾನೂನಲ್ಲಿ ಬರೆದಿದೆ, ಕೊರೋನಾ ಬಂದಾಗ 2021ರಲ್ಲಿ ಅದನ್ನ ತಾತ್ಕಾಲಿಕವಾಗಿ ಸಡಿಲ ಮಾಡೋಕೆ ಸರ್ಕಾರ ಬೇರೆ ಆದೇಶ ಹೊರಡಿಸಬೇಕಾಯ್ತು.

ಈಗ ನಿಮ್ಮ ಮಗಳನ್ನ ಅಳಿಸಿದ ವಿಷಯ. ಊಟವನ್ನ ಇಷ್ಟು ಪ್ರೀತಿಸೋ ಅದೇ ಸಮಾಜ ದಪ್ಪ ಇರೋರ ಮೇಲೆ ತುಂಬಾ ಕಠಿಣ. ತಿನ್ನು, ಖುಷಿಯಾಗಿ ತಿನ್ನು, ಆದ್ರೆ ಮೈಮೇಲೆ ಕಾಣಬಾರದು, ಇದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳದೇ ಇದ್ರೂ ಎಲ್ಲರಿಗೂ ಗೊತ್ತಿರೋ ನಿಯಮ, ಹೆಂಗಸರಿಗೆ ಇನ್ನೂ ಜಾಸ್ತಿ. 2009ರಲ್ಲಿ ಬಂದ ಒಂದು ಫ್ರೆಂಚ್ ಅಧ್ಯಯನದ ಪ್ರಕಾರ ಪಶ್ಚಿಮ ಯುರೋಪಿನಲ್ಲೇ ಸರಾಸರಿ ಅತಿ ಸಣ್ಣಗಿರೋ ಹೆಂಗಸರು ಫ್ರಾನ್ಸಿನವರು, ಆದ್ರೂ ಅವರಲ್ಲಿ ತೂಕ ತೀರಾ ಕಮ್ಮಿ ಇರೋರ ಪೈಕಿ ಸುಮಾರು ಅರ್ಧ ಜನಕ್ಕೆ ಮಾತ್ರ ತಾವು ಸಣ್ಣ ಇದೀವಿ ಅನ್ನಿಸೋದು. ಇಸಾಬೆಲ್ ಕಾರೋ ಅನ್ನೋ ಮಾಡೆಲ್, ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟಾನೇ ಬಿಡೋ ಅನೊರೆಕ್ಸಿಯಾ ಕಾಯಿಲೆಯಲ್ಲಿ ನರಳಿ 2010ರಲ್ಲಿ ತೀರಿಕೊಂಡಾಗ ಇನ್ನೂ 28 ವರ್ಷ. ಆಮೇಲೆ ಎಷ್ಟೋ ಚರ್ಚೆಯಾಗಿ 2017ರಿಂದ ಮಾಡೆಲ್‌ಗಳು ಕೆಲಸಕ್ಕೆ ಮುಂಚೆ ಡಾಕ್ಟರ್ ಸರ್ಟಿಫಿಕೇಟ್ ತರಬೇಕು, ಜಾಹೀರಾತಿನ ಫೋಟೋದಲ್ಲಿ ಮೈ ತಿದ್ದಿದ್ರೆ ಅದನ್ನ ಫೋಟೋ ಮೇಲೇ ಬರೀಬೇಕು ಅಂತ ಕಾನೂನಾಯ್ತು.

ಅದೇ ವರ್ಷ ಗಾಬ್ರಿಯೆಲ್ ದೆಡಿಯೆ ಅನ್ನೋ ಹೆಣ್ಣುಮಗಳು ತಾನು ಅನುಭವಿಸಿದ್ದನ್ನ ಬರೆದ್ರು. ವಿಶೇಷ ಮಕ್ಕಳ ತರಗತಿಗೆ ಸಹಾಯಕಿಯಾಗಿ ಸೇರಿದ್ರೆ ಅಲ್ಲಿದ್ದ ಟೀಚರ್ರೇ ದಪ್ಪ ಇರೋರ ಜೊತೆ ನಾನು ಕೆಲಸ ಮಾಡಲ್ಲ ಅಂದುಬಿಟ್ರಂತೆ. ರೂಪ ನೋಡಿ ಭೇದ ಮಾಡಬಾರದು ಅನ್ನೋ ಕಾನೂನು ಅಲ್ಲಿ 2001ರಿಂದ ಇದೆ, ಇದ್ದೂ ಹೀಗೆ. ಪ್ಯಾರಿಸ್ ನಗರಸಭೆ 2017ರ ಕೊನೆಗೆ ಈ ತಾತ್ಸಾರದ ವಿರುದ್ಧ ಒಂದು ಅಭಿಯಾನನೇ ಮಾಡಬೇಕಾಯ್ತು.

ಕೆಲವರು ಹೇಳ್ತಾರೆ, ಈ ಚುಚ್ಚುಮಾತು ಇರೋದ್ರಿಂದಲೇ ಅವರು ಸಣ್ಣಗಿರೋದು, ಎರಡೂ ಒಟ್ಟಿಗೇ ಬರುತ್ತೆ ಅಂತ. ನಾನು ಒಪ್ಪಲ್ಲ. ಅವಮಾನ ಮಾಡಿದ್ರೆ ತೂಕ ಇಳಿಯೋ ಹಾಗಿದ್ರೆ 1997ರಿಂದ 2020ಕ್ಕೆ ಬೊಜ್ಜು ಡಬಲ್ ಆಗ್ತಿರಲಿಲ್ಲ, ಯಾಕಂದ್ರೆ ಅವಮಾನ ಅಲ್ಲಿ ಒಂದು ದಿನಕ್ಕೂ ನಿಂತಿಲ್ಲ. ಕ್ಯಾಂಟೀನು, ಒಂದು ಗಂಟೆ ಊಟದ ಬಿಡುವು, ಜೊತೆಗೆ ಕೂರೋ ಜನ, ಕೆಲಸ ಮಾಡೋದು ಇವು. ಗಣಿ ಮುಚ್ಚಿದ ಊರಲ್ಲಿ ಶಿಫ್ಟ್ ಡ್ಯೂಟಿ ಮಾಡಿಕೊಂಡು ಒಬ್ಬಳೇ ತಿನ್ನೋಳಿಗೆ ಇವು ಯಾವುದೂ ಇಲ್ಲ, ಅವಮಾನ ಮಾತ್ರ ಪೂರ್ತಿ ಸಿಗುತ್ತೆ. ಡಾಕ್ಟರ್ ಹತ್ರ ಬೈಸಿಕೊಂಡೋರು ಮುಂದಿನ ಸಲ ಕಾಯಿಲೆ ಬಂದ್ರೂ ಹೋಗಲ್ಲ, ಅದು ಬೊಜ್ಜಿಗಿಂತ ಅಪಾಯ.

ನಿಮ್ಮ ಮಗಳಿಗೆ ಯಾಕೆ ಹಿಂಗಾಯ್ತು ಅನ್ನೋದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸಸ್ಯಾಹಾರಿ, ಒಬ್ಬಳೇ ರೂಮಲ್ಲಿ, ಅಸೈನ್‌ಮೆಂಟ್ ಮಾಡ್ತಾ ಲ್ಯಾಪ್‌ಟಾಪ್ ಮುಂದೆ ಬ್ರೆಡ್ಡು ಚೀಸು ಬಿಸ್ಕೆಟ್ಟು, ರಾತ್ರಿ ಹನ್ನೊಂದಕ್ಕೆ ಆಲೂಗಡ್ಡೆ ಚಿಪ್ಸು. ಅವಳು ಫ್ರಾನ್ಸಲ್ಲಿದ್ದಾಳೆ, ಆದ್ರೆ ಫ್ರೆಂಚರ ಊಟ ಅವಳಿಗೆ ಸಿಕ್ಕೇ ಇಲ್ಲ. ಕ್ರೂಸ್ ಅಂತ ಸರ್ಕಾರಿ ಸಂಸ್ಥೆ ನಡೆಸೋ ಸ್ಟೂಡೆಂಟ್ ಕ್ಯಾಂಟೀನ್ ಲಿಯೋನ್‌ನಲ್ಲಿ ಇವೆ, ಸಬ್ಸಿಡಿ ಇರೋದ್ರಿಂದ ತುಂಬಾ ಕಮ್ಮಿ ದುಡ್ಡು, ಸಸ್ಯಾಹಾರಿ ಊಟವೂ ಸಿಗುತ್ತೆ, ಮಧ್ಯಾಹ್ನ ಕ್ಲಾಸಿನವರ ಜೊತೆ ಅಲ್ಲಿಗೆ ಹೋಗೋಕೆ ಹೇಳಿ. ಡಾಕ್ಟರನ್ನ ಬದಲಾಯಿಸಲಿ, ಅಲ್ಲಿ ಫ್ಯಾಮಿಲಿ ಡಾಕ್ಟರನ್ನ ಯಾವಾಗ ಬೇಕಾದ್ರೂ ಬದಲಾಯಿಸಬಹುದು, ಕಾರಣ ಹೇಳಬೇಕಾಗಿಲ್ಲ. ಯೂನಿವರ್ಸಿಟಿಯದ್ದೇ ಸ್ಟೂಡೆಂಟ್ ಹೆಲ್ತ್ ಸೆಂಟರ್ ಇರುತ್ತೆ, ಕೆಮ್ಮಿಗೂ ಅಲ್ಲಿಗೇ ಹೋಗಲಿ. ಮನಸ್ಸು ತುಂಬಾ ಕುಗ್ಗಿದ್ರೆ ಸ್ಟೂಡೆಂಟ್‌ಗಳಿಗೆ ಸೈಕಾಲಜಿಸ್ಟ್ ಹತ್ರ ವರ್ಷಕ್ಕೆ 12 ಸಲ ಉಚಿತ, 2024ರಿಂದ ಎಂಟಿದ್ದನ್ನ ಹನ್ನೆರಡು ಮಾಡಿದಾರೆ. ಮತ್ತೆ ಒಂದು ವಿನಂತಿ ನಿಮ್ಮ ಹತ್ರ, ವಿಡಿಯೋ ಕಾಲಲ್ಲಿ ಮುಖ ನೋಡಿದ ತಕ್ಷಣ ತೂಕ ಎಷ್ಟಾಯ್ತು ಅಂತ ಕೇಳಬೇಡಿ, ಆ ಮಾತು ಅವಳು ಅಲ್ಲಿ ಸಾಕಷ್ಟು ಕೇಳಿದಾಳೆ, ಇವತ್ತು ಯಾರ ಜೊತೆ ಊಟ ಮಾಡಿದೆ ಅಂತ ಕೇಳಿ.

ಪಾರ್ಸೆಲ್ ವಿಷಯ ಕೇಳಿದ್ರಿ. ಚಟ್ನಿಪುಡಿ, ಸಾಂಬಾರ್ ಪುಡಿ ಕಳಿಸಿ, ಒಳಗೆ ಏನೇನಿದೆ ಅಂತ ಮೇಲೆ ಸರಿಯಾಗಿ ಬರೀರಿ. ತುಪ್ಪ, ಪೇಡ ಹಾಕಬೇಡಿ, ಯುರೋಪಿಯನ್ ಯೂನಿಯನ್ನಿಗೆ ಹೊರಗಿಂದ ಬರೋ ಇಂಥ ಪಾರ್ಸೆಲಲ್ಲಿ ಹಾಲಿನ ಪದಾರ್ಥ ಬಿಡಲ್ಲ, ಕಸ್ಟಮ್ಸಲ್ಲಿ ಸಿಕ್ಕಿದ್ರೆ ತೆಗೆದುಹಾಕ್ತಾರೆ.

- ಸಂಪಾದಕ