ಮಂಗ, ಮೈಲುತುತ್ತು, ಡಾರ್ವಿನ್

ಕಳೆದ ಸಂಚಿಕೆಯ ಜೀವವಿಕಾಸದ ಲೇಖನವನ್ನು ಒಪ್ಪದೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: ‘ಮಂಗನಿಂದ ಮಾನವ ಅಂತೀರಿ. ನಮ್ಮ ತೋಟಕ್ಕೆ ನುಗ್ಗುವ ಮಂಗಗಳು ಇನ್ನೂ ಮಂಗಗಳಾಗಿಯೇ ಇವೆಯಲ್ಲ? ವಿಕಾಸವನ್ನು ಕಣ್ಣಾರೆ ಕಂಡವರು ಯಾರು? ಅಮೆರಿಕದಲ್ಲೇ ಮೂರರಲ್ಲೊಬ್ಬರು ನಂಬುವುದಿಲ್ಲವಂತೆ. ಶಾಲೆಯಲ್ಲಿ ಸೃಷ್ಟಿವಾದವನ್ನೂ ಕಲಿಸಲಿ.’

ಮಾನ್ಯರೇ, ತೋಟದ ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಅದರ ವಂಶವೂ ನಮ್ಮದೂ ಕವಲೊಡೆದು ಸುಮಾರು 2.5 ಕೋಟಿ ವರ್ಷವಾಯಿತು. ಚಿಂಪಾಂಜಿಯಿಂದ ನಾವು ಬೇರೆಯಾಗಿ 60–70 ಲಕ್ಷ ವರ್ಷ. ಮನುಷ್ಯನಾಗಬೇಕೆಂಬ ಹರಕೆ ಯಾವ ಮಂಗಕ್ಕೂ ಇಲ್ಲ. ನಿಮ್ಮ ಬಾಳೆಗೊನೆ ತಿಂದು ಮರಿ ಸಾಕಲು ಅದಕ್ಕೆ ಈಗಿರುವ ಮೈಕಟ್ಟೇ ಸಾಕು.

ಕಣ್ಣಾರೆ ಕಂಡವರಿದ್ದಾರೆ, ಅದೂ ಕೊಳೆರೋಗದ ನೆಂಟನಲ್ಲಿ. ಅಡಿಕೆಗೆ ಕೊಳೆ ತರುವುದು ಫೈಟೋಫ್ತೊರ ಎಂಬ ರೋಗಾಣು. ಅದೇ ಕುಲದ ಇನ್ನೊಂದು ಪ್ರಭೇದ ಆಲೂಗಡ್ಡೆಗೆ ಅಂಗಮಾರಿ ತರುತ್ತದೆ. ಅದಕ್ಕೆಂದು 1970ರ ದಶಕದ ಕೊನೆಗೆ ಮೆಟಲಾಕ್ಸಿಲ್ ಎಂಬ ಔಷಧಿ ಬಂತು. 1980ರಲ್ಲೇ ಐರ್ಲೆಂಡಿನ ಹೊಲಗಳಲ್ಲಿ ಅದಕ್ಕೆ ಬಗ್ಗದ ರೋಗಾಣು ತಳಿಗಳು ಸಿಕ್ಕವು. ಮೆಟಲಾಕ್ಸಿಲ್ ಪೆಟ್ಟು ಕೊಡುವುದು ಒಂದೇ ಕಿಣ್ವಕ್ಕೆ. ಕೋಟಿಗಟ್ಟಲೆ ಬೀಜಕಣಗಳಲ್ಲಿ ಎಲ್ಲೋ ಒಂದು ಆ ಪೆಟ್ಟಿಗೆ ಸಿಗದಂತೆ ಹುಟ್ಟಿದ್ದರೆ ಸಾಕು, ಉಳಿದವು ಸತ್ತ ಮೇಲೆ ಹೊಲವೆಲ್ಲ ಅದರ ಸಂತಾನದ್ದೇ. ರೋಗಾಣು ಔಷಧಿಗೆ ‘ಒಗ್ಗಿಕೊಂಡಿತು’ ಎನ್ನುತ್ತೇವಲ್ಲ, ಅದು ಸರಿಯಲ್ಲ. ವ್ಯತ್ಯಾಸ ತಾನಾಗಿ ಹುಟ್ಟುತ್ತದೆ, ಔಷಧಿ ಅದನ್ನು ಆರಿಸುತ್ತದೆ. 1859ರಲ್ಲಿ ಡಾರ್ವಿನ್ ವಿವರಿಸಿದ ನಿಸರ್ಗದ ಆಯ್ಕೆಯೂ ಇದೇ ದಾರಿಯಲ್ಲಿ ನಡೆಯುತ್ತದೆ.

1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರಿನ ಬೋರ್ಡೊ ದ್ರಾವಣ ಮಾತ್ರ ಶತಮಾನ ದಾಟಿದರೂ ನಡೆಯುತ್ತಿದೆ. ತಾಮ್ರ ಒಟ್ಟೊಟ್ಟಿಗೆ ಹಲವು ಕಿಣ್ವಗಳನ್ನು ಕೆಡಿಸುವುದರಿಂದ ಒಂದೇ ಬದಲಾವಣೆಯ ಬಲದಲ್ಲಿ ಪಾರಾಗುವುದು ಕಷ್ಟ. ಮೆಟಲಾಕ್ಸಿಲನ್ನು, ಹಲವು ಕಡೆ ಪೆಟ್ಟು ಕೊಡುವ ಮ್ಯಾಂಕೋಜೆಬ್ ಎಂಬ ಔಷಧಿಯ ಜೊತೆ ಬೆರೆಸಿ ಮಾರುವುದೂ ಇದೇ ಲೆಕ್ಕಾಚಾರದಿಂದ. (ಬೋರ್ಡೊ ಹೊಡೆದೂ ಕೊಳೆ ಬಂದರೆ ವಿಕಾಸವನ್ನು ದೂರುವ ಮೊದಲು ಮಿಶ್ರಣ ಹಿಂದಿನ ದಿನದ್ದಲ್ಲವಷ್ಟೇ ಎಂದು ನೋಡಿ. ಮಿಶ್ರಣದಲ್ಲಿ ಅದ್ದಿದ ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಎಳೆಗಾಯಿ ಸುಡುತ್ತದೆ.)

‘ಆದರೂ ಅದು ರೋಗಾಣುವಾಗಿಯೇ ಉಳಿಯಿತಲ್ಲ’ ಎನ್ನಬಹುದು. ನ್ಯಾಯವಾದ ಪ್ರಶ್ನೆ. ಚಿಂಪಾಂಜಿಗೆ 48 ವರ್ಣತಂತುಗಳು (ಜೀವಕೋಶದೊಳಗೆ ಜೀನುಗಳನ್ನು ಹೊತ್ತ ಎಳೆಗಳು), ನಮಗೆ 46. ನಮ್ಮ 2ನೇ ವರ್ಣತಂತುವಿನ ನಡುವೆ, ಸಾಮಾನ್ಯವಾಗಿ ತುದಿಯಲ್ಲಿರುವ ಡಿಎನ್‌ಎ ಸರಣಿ ಎದುರುಬದುರಾಗಿ ಕೂತಿದೆ. ಒಂದು ವರ್ಣತಂತುವಿಗೆ ಒಂದೇ ಇರುವ, ಅದರ ಸೊಂಟದಂಥ ಸೆಂಟ್ರೊಮಿಯರ್ ಇಲ್ಲಿ ಇನ್ನೊಂದಿದ್ದ ಕುರುಹೂ ಇದೆ, ಈಗ ಅದಕ್ಕೆ ಕೆಲಸವಿಲ್ಲ. ಚಿಂಪಾಂಜಿಯಲ್ಲಿ ಇನ್ನೂ ಬೇರೆಯಾಗಿರುವ ಎರಡು ವರ್ಣತಂತುಗಳು ನಮ್ಮ ವಂಶದಲ್ಲಿ ಬೆಸೆದುಕೊಂಡ ಗುರುತು ಅದು, ಇಬ್ಬರ ಮೂಲ ಒಂದೇ ಎಂಬುದಕ್ಕೆ ಸಾಕ್ಷಿ.

ಅಮೆರಿಕದ ಲೆಕ್ಕ ಪ್ರಶ್ನೆ ಕೇಳಿದಂತೆ ಬದಲಾಗುತ್ತದೆ. ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಿಕಾಸವಾಯಿತೇ ಇಲ್ಲವೇ ಎಂದು ಮೊದಲು ಕೇಳಿದಾಗ ‘ಇಲ್ಲ, ಮನುಷ್ಯ ಮೊದಲಿನಿಂದ ಹೀಗೆಯೇ ಇದ್ದ’ ಎಂದವರು ಶೇ 31. ‘ದೇವರ ಕೈವಾಡದಿಂದ ವಿಕಾಸವಾಯಿತು’ ಎಂಬ ಆಯ್ಕೆಯನ್ನೂ ಮೊದಲೇ ಮುಂದಿಟ್ಟಾಗ ಶೇ 18. ಅಂದರೆ ಹಲವರಿಗೆ ಅಡ್ಡಿಯಾಗಿದ್ದು ಪಳೆಯುಳಿಕೆಯಲ್ಲ, ದೇವರನ್ನು ಬಿಟ್ಟುಕೊಡಬೇಕಾದೀತೆಂಬ ಅಂಜಿಕೆ.

ಇನ್ನು ಶಾಲೆ. ವಿಕಾಸವಾದ, ಸೃಷ್ಟಿವಾದ ಎರಡನ್ನೂ ಸರಿಸಮವಾಗಿ ಕಲಿಸಬೇಕೆಂಬ ಲೂಸಿಯಾನಾ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟೇ 1987ರಲ್ಲಿ ರದ್ದು ಮಾಡಿತು. ನಮ್ಮಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನೇ ಕೈಬಿಟ್ಟಿದ್ದು 2023ರಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ಪುಸ್ತಕ ಓದಿ ಮುಂದೆ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಂಡ ಮಗುವಿಗೆ ತರಗತಿಯಲ್ಲಿ ಈ ಪಾಠ ಮತ್ತೆ ಸಿಗುವುದೇ ಅನುಮಾನ. ನಮ್ಮ ದೃಷ್ಟಿಯಲ್ಲಿ ಅದು ತಪ್ಪು ನಿರ್ಧಾರ.

ಪ್ರತಿಲೇಖನ ಕಳಿಸುತ್ತೇನೆ ಎಂದಿದ್ದೀರಿ, ಕಳಿಸಿ. ಸಸ್ತನಿಗಳೇ ಇನ್ನೂ ಹುಟ್ಟಿರದ ಕಾಲದ, 50 ಕೋಟಿ ವರ್ಷ ಹಳೆಯ ಶಿಲಾಪದರದಲ್ಲಿ ಮೊಲದ ಒಂದು ಮೂಳೆ ಸಿಕ್ಕರೂ ವಿಕಾಸವಾದ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ. ಏನು ಸಿಕ್ಕರೆ ನಿಮ್ಮ ವಾದ ಬೀಳುತ್ತದೆ ಎಂಬುದನ್ನೂ ಅದರಲ್ಲಿ ಬರೆಯಿರಿ, ಪ್ರಕಟಿಸುತ್ತೇವೆ.

– ಸಂ.