ಪ್ರತಿಕ್ರಿಯೆ: ಹಳೆ ವಿದ್ಯಾರ್ಥಿಗಳು ದೇಣಿಗೆ ಕೊಡುತ್ತಿಲ್ಲ, ಏನು ಮಾಡಲಿ?

ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಕಾಲೇಜಿನ ಲೈಬ್ರರಿಗೆ ದುಡ್ಡು ಕೇಳಿದರೆ ಯಾರೂ ಮಾತೇ ಆಡಲಿಲ್ಲ ಅಂದಿದ್ದೀರಿ. ಬಹುಶಃ ಕಾರಣ ಇಷ್ಟೇ: ಎಲ್ಲರನ್ನೂ ಒಟ್ಟಿಗೆ ಕೇಳಿದ್ದೀರಿ, ಯಾರನ್ನೂ ಹೆಸರು ಹಿಡಿದು ಕೇಳಿಲ್ಲ.

ಮೊದಲು ಬ್ಯಾಚಿಗೊಬ್ಬರನ್ನು ಹುಡುಕಿ. ತಮ್ಮ ಬ್ಯಾಚಿನವರಿಗೆ ಅವರೇ ಫೋನ್ ಮಾಡಲಿ, ದುಡ್ಡಿನ ಮಾತು ಈಗಲೇ ಬೇಡ. ನಿಮ್ಮೂರು ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ನಿಮ್ಮವರಲ್ಲಿ ಬಹಳ ಜನ ಬೆಂಗಳೂರು ಸೇರಿರಬಹುದು. ಆದರೆ ಕ್ರಿಸ್‌ಮಸ್‌ಗೆ ಊರಿಗೆ ಬರುತ್ತಾರೆ ಅಲ್ವಾ? ಆ ವಾರದಲ್ಲೇ ಕಾಲೇಜಿಗೆ ಕರೆಯಿರಿ. ಹಳೆ ಮೇಷ್ಟ್ರುಗಳನ್ನೂ ಕರೆಯಿರಿ, ಈಗಿನ ಮಕ್ಕಳ ಜೊತೆ ಕೂತು ಮಾತಾಡಲಿ. ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಆಮೇಲೆ ಕೇಳಿ. ಸುಮ್ನೆ ‘ಕಾಲೇಜಿನ ಅಭಿವೃದ್ಧಿಗೆ’ ಅನ್ನಬೇಡಿ. ‘ಒಂದು ಬೀರು ಪುಸ್ತಕ’, ‘ಒಬ್ಬ ಹುಡುಗಿಯ ಪರೀಕ್ಷೆ ಫೀಸು’ ಅನ್ನಿ.

ದುಡ್ಡು ಯಾರದೋ ಸ್ವಂತ ಖಾತೆಗೆ ಬೇಡ, ಕಾಲೇಜಿನ ಟ್ರಸ್ಟ್ ಖಾತೆಗೇ ಬರಲಿ. ಟ್ರಸ್ಟ್‌ಗೆ 80ಜಿ (ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ) ಇದ್ದರೆ ಅದನ್ನು ಮೊದಲೇ ತಿಳಿಸಿ. 2,000 ರೂಪಾಯಿ ಮೀರಿದ ನಗದಿಗೆ ಆ ವಿನಾಯಿತಿ ಸಿಗುವುದಿಲ್ಲ. ವಿದೇಶಿ ಪೌರತ್ವ ಪಡೆದವರ ದುಡ್ಡನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಮುಟ್ಟಲೇಬೇಡಿ. ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆಯಿಲ್ಲ. ಯಾರದು ಯಾವ ಪಾಸ್‌ಪೋರ್ಟ್ ಅಂತ ಮೊದಲೇ ಕೇಳಿ ಬರೆದಿಟ್ಟುಕೊಂಡು, ಪಟ್ಟಿಯನ್ನು ಆಡಿಟರ್‌ಗೆ ತೋರಿಸಿ.