ಡೆಕಡೆನ್ಸ್ (decadence) ಪದದ ಅರ್ಥ, ಮೂಲ ಏನು? ದಶಕ ಎಂಬರ್ಥದ ಡಿಕೇಡ್‌ಗೂ (decade) ಇದಕ್ಕೂ ಸಂಬಂಧ ಇದೆಯೇ?

ಸಂಬಂಧ ಇಲ್ಲ. ಧಾರವಾಡದಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರು ಎಡವಲು ಕಾರಣ ಸ್ಪೆಲ್ಲಿಂಗ್: ಎರಡರಲ್ಲೂ ಮೊದಲ 6 ಅಕ್ಷರ ಒಂದೇ. ಡಿಕೇಡ್ ಬಂದದ್ದು ಹತ್ತು ಎಂಬರ್ಥದ ಗ್ರೀಕ್ ‘ಡೆಕ’ದಿಂದ.

ಡೆಕಡೆನ್ಸ್‌ನ ಬೇರು ಲ್ಯಾಟಿನ್. ‘ಡೆ’ ಎಂದರೆ ಕೆಳಕ್ಕೆ, ‘ಕಾಡೆರೆ’ ಎಂದರೆ ಬೀಳು. ಮಧ್ಯಯುಗದ ಲ್ಯಾಟಿನ್‌ನ ‘ಡೆಕಡೆನ್ಷಿಯಾ’ ಫ್ರೆಂಚ್ ಮೂಲಕ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಡಿಕೇ (ಕೊಳೆಯುವುದು), ಆ್ಯಕ್ಸಿಡೆಂಟ್, ಕ್ಯಾಸ್ಕೇಡ್ (ಕಿರು ಜಲಪಾತ) ಕೂಡ ಇದೇ ‘ಕಾಡೆರೆ’ಯ ಮಕ್ಕಳು. ಹೀಗೆ ಬೇರು ಹಿಡಿದು ಕಲಿತರೆ ನಾಲ್ಕೂ ಒಟ್ಟಿಗೆ ನೆನಪಿರುತ್ತವೆ.

ಅರ್ಥ: ಅಧಃಪತನ. ಆದರೆ ಎಲ್ಲ ಇಳಿತಕ್ಕೂ ಇದು ಸಲ್ಲದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಇಳಿದರೆ ಡಿಕ್ಲೈನ್. ಲಕ್ಕುಂಡಿಯ ಹಳೆಯ ಗುಡಿಯ ಗೋಡೆ ಶಿಥಿಲವಾಗಿದ್ದರೆ ಡಿಲ್ಯಾಪಿಡೇಟೆಡ್. ಒಂದು ಸಮಾಜ ಅಥವಾ ಕಲೆ ಭೋಗದಲ್ಲಿ ಮುಳುಗಿ, ನೀತಿ, ಅಭಿರುಚಿ, ಕಸುವು ಕಳೆದುಕೊಂಡು ಕುಸಿದರೆ ಮಾತ್ರ ಡೆಕಡೆನ್ಸ್. ಈ ಪದದಲ್ಲಿ ಖಂಡನೆ ಬೆರೆತಿರುತ್ತದೆ. ಅಂಕಿ-ಅಂಶದ ವರದಿಯಲ್ಲಿ ಬಳಸಿದರೆ ವಾಕ್ಯವೇ ಕೆಡುತ್ತದೆ.

ಹಾಗಿದ್ದರೂ 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕೆಲವು ಕವಿಗಳು ಈ ಬೈಗುಳವನ್ನೇ ಬಿರುದಿನಂತೆ ಧರಿಸಿದರು. ಇಂದು ಬೇಕರಿ ಮೆನುವಿನಲ್ಲಿ ‘ಡೆಕಡೆಂಟ್ ಚಾಕೊಲೇಟ್ ಕೇಕ್’ ಎಂದಿದ್ದರೆ ಕೇಕ್ ಹಳಸಿದೆ ಎಂದಲ್ಲ, ಮನಸಾರೆ ಸವಿಯುವಷ್ಟು ಗಾಢ ಸಿಹಿ ಎಂದರ್ಥ. ಉಚ್ಚರಿಸುವಾಗ ಒತ್ತು ಮೊದಲ ‘ಡೆ’ ಮೇಲೆ.